ಕ್ನಿಡೋಸ್‌ನ ಬೋಕಿ ನಮ್ಮ ಶೋಕೇಸಿಗೆ ಬಂದಿದೆ, ಏನು ಮಾಡಲಿ?

ಪ್ರಶ್ನೆ: ಸರ್, ನಾವು ಮೈಸೂರಿನವರು. ಕಳೆದ ಸೆಪ್ಟೆಂಬರಿನಲ್ಲಿ ಟರ್ಕಿಗೆ ಹೋಗಿದ್ದಾಗ ದೋಣಿಯಲ್ಲಿ ಕ್ನಿಡೋಸ್ ಎಂಬ ಹಾಳು ಬಂದರು ನೋಡಿಬಂದೆವು. ಗುಡ್ಡದ ತುಂಬ ಕಾಲಿಟ್ಟಲ್ಲೆಲ್ಲ ಕೆಂಪು ಮಡಕೆ ಚೂರು. ಹಡಗುಗಳು ಒಡೆದು ದಡಕ್ಕೆ ಬಂದ ಸರಕು ಅದು ಎಂದರು ಗೈಡ್. ಚೂಪು ತಳದ ಜಾಡಿ ಮರಳಿನಲ್ಲಿ ನೆಡಲಿಕ್ಕೆ, ಹಿಡಿಯ ಮೇಲಿನ ಮುದ್ರೆ ರಾಜನ ಹೆಸರು ಎಂದೂ ಹೇಳಿದರು. ಮನೆಗೆ ಬಂದು ಸೂಟ್‌ಕೇಸ್ ಬಿಚ್ಚಿದರೆ ಹನ್ನೊಂದು ವರ್ಷದ ಮಗನ ಶೂ ಒಳಗೆ, ಕಾಲುಚೀಲದಲ್ಲಿ ಸುತ್ತಿದ ಒಂದು ಮುರಿದ ಹಿಡಿ! ಮೇಲೆ ಅಕ್ಷರವೂ ಲಂಗರಿನ ಚಿತ್ರವೂ ಇದೆ. ನಮ್ಮವರು ಅಲ್ಲಿನ ಪೇಟೆಯಲ್ಲಿ ‘ರೋಮನ್ ಕಾಲದ್ದು’ ಎಂದು ಒಂದು ಮಣ್ಣಿನ ದೀಪವನ್ನೂ ಕೊಂಡಿದ್ದಾರೆ, ಸರ್ಟಿಫಿಕೇಟ್ ಸಮೇತ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ಮಡಕೆ ಸಿಕ್ಕಿವೆಯಂತೆ, ಇದೂ ಇಲ್ಲೇ ಸಿಕ್ಕಿತು ಅಂತ ಮ್ಯೂಸಿಯಮ್ಮಿಗೆ ಕೊಟ್ಟರಾಯಿತು ಎನ್ನುತ್ತಾರೆ ನಮ್ಮ ಮಾವ. ನನಗೆ ನಿದ್ದೆ ಬರುತ್ತಿಲ್ಲ. ದಾರಿ ತೋರಿಸಿ.

ಉತ್ತರ: ಮೊದಲು ನಿಮ್ಮ ಮಾವನವರಿಗೆ ಹೇಳಿ, ದಯವಿಟ್ಟು ಆ ಕೆಲಸ ಮಾತ್ರ ಬೇಡ. ಯಾಕೆ ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ನೀವು ಕಳಿಸಿದ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ನಿಮ್ಮ ಚಿಂತೆ ಮೂರು: ಇದು ಅಸಲಿಯೇ, ತಂದದ್ದು ತಪ್ಪೇ, ಈಗ ಏನು ಮಾಡುವುದು. ಹಿಡಿಯ ಮಟ್ಟಿಗೆ ಹೇಳುವುದಾದರೆ ಮೊದಲ ಎರಡಕ್ಕೂ ನನ್ನ ಉತ್ತರ ಹೌದು. ದೀಪದ ಕತೆ ಬೇರೆ. ಮೂರನೆಯದಕ್ಕೆ ಹೋಗುವ ಮುಂಚೆ ಗೈಡ್ ಹೇಳಿದ್ದನ್ನು ಸ್ವಲ್ಪ ಬಿಡಿಸಬೇಕು. ಇಲ್ಲದಿದ್ದರೆ ಒಂದು ಒಡಕು ಬೋಕಿಗೆ ಇಷ್ಟೊಂದು ರಾದ್ಧಾಂತ ಯಾಕೆ ಎಂದು ನಿಮ್ಮ ಮನೆಯವರೇ ಕೇಳುತ್ತಾರೆ.

ಹಿಡಿಯನ್ನು ಒಮ್ಮೆ ಬೆಳಕಿಗೆ ಹಿಡಿದು ಮುರಿದ ಅಂಚು ನೋಡಿ. ಹೊರಗೆ ಇಟ್ಟಿಗೆಗೆಂಪು, ನಟ್ಟನಡುವೆ ಬೂದಿ ಬಣ್ಣದ ಪಟ್ಟಿ. ಬಾಳೆಹಣ್ಣಿನಷ್ಟು ದಪ್ಪದ ಹಿಡಿ ಅದು. ಆವಿಗೆಯಲ್ಲಿ ಅಷ್ಟು ದಪ್ಪದ ಮಣ್ಣಿನ ಒಳಗಿನ ತನಕ ಗಾಳಿ ಹೊಕ್ಕು ಕಸಕಡ್ಡಿಯ ಅಂಶವೆಲ್ಲ ಸುಡುವಷ್ಟರಲ್ಲಿ ಬೆಂಕಿ ಇಳಿದಿದೆ, ಹಾಗಾಗಿ ಆ ಪಟ್ಟಿ ಉಳಿದಿದೆ. ನಮ್ಮೂರ ಹಳೇ ಹರವಿ ಒಡೆದರೂ ಇದೇ ಕಾಣುತ್ತದೆ. ಮುದ್ರೆ ಆಯತಾಕಾರದ್ದು. ಮೇಲಿನ ಸಾಲುಗಳು ಸವೆದಿವೆ. ಕೊನೆಯ ಸಾಲಿನ ಮೊದಲ ಐದು ಗ್ರೀಕ್ ಅಕ್ಷರ ಸ್ಪಷ್ಟವಾಗಿವೆ, ‘ಕ್ನಿದಿ’ ಎಂದು ಓದಬಹುದು. ‘ಕ್ನಿಡೋಸ್‌ನದು’ ಎಂಬರ್ಥದ ಪದದ ಮೊದಲರ್ಧ ಅದು. ಲಂಗರು ಅಲ್ಲಿನ ಮುದ್ರೆಗಳಲ್ಲಿ ಬರುವ ಚಿಹ್ನೆಗಳಲ್ಲೊಂದು. ಎತ್ತಿನ ತಲೆ, ತ್ರಿಶೂಲ, ಹಡಗಿನ ಮೂತಿ ಇಂಥವೂ ಇರುತ್ತವೆ.

ಈಗ ಆ ಗುಡ್ಡದ ಚೂರುಗಳ ವಿಷಯ. ಹಡಗು ಒಡೆದು ಬಂದದ್ದು ಎನ್ನುವ ಕತೆ ಕೇಳಲು ಚೆನ್ನ. ಆದರೆ ಹಡಗು ಮುಳುಗಿದರೆ ಜಾಡಿ ತಳ ಸೇರುತ್ತವೆ, ಬೆಟ್ಟ ಹತ್ತುವುದಿಲ್ಲ. ಕ್ನಿಡೋಸ್ ಇರುವ ಜಾಗ ನೆನಪು ಮಾಡಿಕೊಳ್ಳಿ. ದಾತ್ಚಾ ಪರ್ಯಾಯದ್ವೀಪದ ಕಟ್ಟಕಡೆಯ ಮೂಗು ಅದು, ಒಂದು ಮಗ್ಗುಲಿಗೆ ಕೋಸ್ ದ್ವೀಪ, ಇನ್ನೊಂದು ಮಗ್ಗುಲಿಗೆ ರೋಡ್ಸ್. ಈಜಿಯನ್ ಕಡಲಿಂದ ಸೈಪ್ರಸ್, ಸಿರಿಯಾ, ಈಜಿಪ್ಟಿಗೆ ಹೋಗುವ ಹಡಗು ಇಲ್ಲೇ ತಿರುಗಬೇಕು. ಬೇಸಿಗೆಯಲ್ಲಿ ಉತ್ತರದ ಗಾಳಿ ಬೀಸಿದರೆ ಮೇಲಕ್ಕೆ ಹೋಗುವ ಹಡಗುಗಳಿಗೆ ಈ ಮೂಗು ದಾಟುವುದು ಕಷ್ಟ, ಗಾಳಿ ಇಳಿಯುವ ತನಕ ಕಾಯಬೇಕು. ಮುಂದಿದ್ದ ಪುಟ್ಟ ದ್ವೀಪಕ್ಕೂ ನೆಲಕ್ಕೂ ನಡುವೆ ಮಣ್ಣು ಕಲ್ಲು ತುಂಬಿ ಸೇರಿಸಿದ್ದರಿಂದ ಆಚೆಗೊಂದು ಈಚೆಗೊಂದು ಎರಡು ಬಂದರು. ಸುಮಾರು 2,000 ವರ್ಷದ ಹಿಂದೆ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿಟ್ಟಿದ್ದಾನೆ: ಒಂದು ಬಂದರಿನ ಬಾಯಿ ಮುಚ್ಚಬಹುದಿತ್ತು, 20 ಹಡಗಿನ ನೌಕಾನೆಲೆ ಅದು. ನಿಮ್ಮ ದೋಣಿ ಲಂಗರು ಹಾಕಿದ್ದು ಇನ್ನೊಂದರಲ್ಲಿ, ದೊಡ್ಡದರಲ್ಲಿ. ವ್ಯಾಪಾರದ್ದು ಅದು.

ಕಾಯುವ ಹಡಗು, ಇಳಿಯುವ ಜನ, ಏರುವ ಸರಕು. ಸರಕೆಂದರೆ ಮುಖ್ಯವಾಗಿ ದ್ರಾಕ್ಷಾರಸ. ಅದಕ್ಕೆ ಜಾಡಿ ಬೇಕು. ಆಂಫೊರಾ ಎನ್ನುವ ಈ ಎರಡು ಹಿಡಿಯ ಜಾಡಿಯನ್ನು ಮ್ಯೂಸಿಯಮ್ಮಿನ ಗಾಜಿನೊಳಗೆ ನೋಡಿ ನಾವು ಕಲಾಕೃತಿ ಅಂದುಕೊಳ್ಳುತ್ತೇವೆ. ಅವರ ಪಾಲಿಗೆ ಅದು ನಮ್ಮ ಎಣ್ಣೆ ಡಬ್ಬ, ಗೋಣಿಚೀಲ ಇದ್ದ ಹಾಗೆ. ಸರಕು ಮುಗಿದ ಮೇಲೆ ಕೆಲವನ್ನು ಮತ್ತೆ ಬಳಸುತ್ತಿದ್ದರು, ಹೆಚ್ಚಿನವನ್ನು ಎಸೆಯುತ್ತಿದ್ದರು. ರೋಮ್‌ನಲ್ಲಿ ಮೋಂತೆ ತೆಸ್ತಾಚೊ ಎಂಬ ಗುಡ್ಡವೇ ಇದೆ, 30 ಮೀಟರಿಗೂ ಎತ್ತರ, ಪೂರ್ತಿ ಎಣ್ಣೆ ಜಾಡಿಗಳ ಚೂರು. ಮಡಕೆ ಒಡೆಯುವುದು ಸುಲಭ, ಕೊಳೆಯುವುದಿಲ್ಲ. ಸಾವಿರ ವರ್ಷ ಜನ ಬಾಳಿದ ಊರಿನಲ್ಲಿ ನೆಲ ಕೆಂಪಗಿರುವುದು ಸಹಜ. ಮನೆಯ ಗಡಿಗೆ, ಚಾವಣಿ ಹೆಂಚು, ಊಟದ ತಟ್ಟೆ ಎಲ್ಲವೂ ಅದರಲ್ಲಿ ಸೇರಿವೆ.

ಹಾಗಾದರೆ ಜಾಡಿ ಮಾಡಿದ್ದು ಅಲ್ಲೇನೇ? ಎಲ್ಲವೂ ಅಲ್ಲ. ಬಂದರೂರು ಅಂದಕೂಡಲೇ ಕುಂಬಾರರೂ ದಡದಲ್ಲೇ ಕೂತಿದ್ದರು ಎಂದು ಊಹಿಸುವುದು ಸಾಮಾನ್ಯ ತಪ್ಪು. ಆವಿಗೆಗೆ ಜೇಡಿ, ನೀರು, ಸೌದೆ ಮೂರೂ ಹತ್ತಿರ ಬೇಕು, ಖಾಲಿ ಜಾಡಿಯನ್ನು ತೋಟಕ್ಕೆ ಸಾಗಿಸುವ ತಾಪತ್ರಯವೂ ಇರಬಾರದು. ಆದ್ದರಿಂದ ಆಂಫೊರಾ ಕಾರ್ಖಾನೆಗಳು ಪರ್ಯಾಯದ್ವೀಪದ ಒಳಗೆ, ದ್ರಾಕ್ಷಿ ಬೆಳೆಯುವ ಬಯಲಿನ ಬಳಿ ಇದ್ದವು. ದಾತ್ಚಾ ಹತ್ತಿರದ ರೆಶಾದಿಯೆ ಎಂಬಲ್ಲಿ 1980ರ ದಶಕದ ಕೊನೆಗೆ ನುಮಾನ್ ತುನಾ ಮತ್ತು ಝಾಂ-ಈವ್ ಆಂಪರರ್ ಎಂಬ ಪುರಾತತ್ವಜ್ಞರು ಅಂಥ ಒಂದು ಜಾಗ ಅಗೆದರು. ಕುಂಬಾರರ ಜಾಗವನ್ನು ಗುರುತಿಸುವುದು ಚೆಂದದ ಜಾಡಿಗಳಿಂದಲ್ಲ, ಹಾಳಾದವುಗಳಿಂದ. ಬೆಂಕಿ ಹೆಚ್ಚಾಗಿ ಸೊಟ್ಟಗೆ ಬಾಗಿದ ಕತ್ತು, ಹಪ್ಪಳದ ಹಾಗೆ ಗುಳ್ಳೆ ಎದ್ದ ಹೊಟ್ಟೆ, ಒಂದಕ್ಕೊಂದು ಅಂಟಿಕೊಂಡ ಹಿಡಿಗಳು, ಹಸಿರುಗಪ್ಪಿಗೆ ತಿರುಗಿದ ಮಣ್ಣು. ಇವನ್ನು ಯಾರೂ ದುಡ್ಡು ಕೊಟ್ಟು ಕೊಂಡು ದೂರ ಹೊತ್ತೊಯ್ಯುವುದಿಲ್ಲ, ಆವಿಗೆಯ ಪಕ್ಕದಲ್ಲೇ ಸುರಿಯುತ್ತಾರೆ. ಇಂಥ ತಿಪ್ಪೆ ಕಂಡರೆ ನಮ್ಮಂಥವರಿಗೆ ನಿಧಿ ಕಂಡಷ್ಟು ಖುಷಿ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅಂತಾರಲ್ಲ, ಕೆಲವೊಮ್ಮೆ ದೊಣ್ಣೆಯೇ ಬೇಕಿಲ್ಲ, ಅವನದೇ ಬೆಂಕಿ ಸಾಕು.

ದಾತ್ಚಾ ಪೇಟೆಯ ಪಕ್ಕ ಬುರ್ಗಾಜ್ ಎಂಬ ಇನ್ನೊಂದು ಹಳೆಯ ಬಂದರು ನೆಲೆಯೂ ಇದೆ, ನಿಮ್ಮನ್ನು ಅಲ್ಲಿಗೆ ಕರೆದೊಯ್ದಿರಲಿಕ್ಕಿಲ್ಲ. ಅಮೃತಶಿಲೆಯ ಕಂಬಗಳಿಲ್ಲ ನೋಡಿ, ಪ್ರವಾಸಿಗರು ಹೋಗುವುದಿಲ್ಲ. ಕ್ರಿ.ಪೂ. 4ನೇ ಶತಮಾನದಲ್ಲಿ ಊರಿನ ಜನ, ಆಡಳಿತ ಎಲ್ಲ ಈಗಿನ ಕ್ನಿಡೋಸ್ ಕಡೆ ಸರಿದ ಮೇಲೆ ಬುರ್ಗಾಜ್‌ನ ಮನೆಗಳ ಜಾಗದಲ್ಲಿ ದ್ರಾಕ್ಷಾರಸ, ಎಣ್ಣೆ ತೆಗೆಯುವ ಕಾರ್ಯಾಗಾರಗಳು ಬಂದವು. ನನ್ನನ್ನು ಕೇಳಿದರೆ, ಅಲ್ಲಿನ ದುಡ್ಡು ಎಲ್ಲಿಂದ ಹುಟ್ಟುತ್ತಿತ್ತು ಎಂದು ತಿಳಿಯಲು ಕಂಬಗಳ ಊರಿಗಿಂತ ಈ ಕಂಬವಿಲ್ಲದ ಊರೇ ಮೇಲು.

ಚೂಪು ತಳ. ಮರಳಲ್ಲಿ ನೆಡಬಹುದಿತ್ತು, ನೆಟ್ಟದ್ದೂ ಉಂಟು. ಆದರೆ ಅದಕ್ಕಾಗಿಯೇ ಮಾಡಿದ್ದಲ್ಲ. ಹಡಗಿನ ಒಡಲು ಬಾಗಿರುತ್ತದೆ, ಚಪ್ಪಟೆ ತಳದ ಪಾತ್ರೆ ಅಲ್ಲಿ ಕೂರುವುದಿಲ್ಲ. ಕೆಳಸಾಲಿನ ಜಾಡಿಗಳ ಭುಜಗಳ ಸಂದಿಗೆ ಮೇಲುಸಾಲಿನ ಜಾಡಿಗಳ ಮೊನೆ ಇಳಿಸಿದರೆ ಎಲ್ಲವೂ ಬಿಗಿಯಾಗಿ ಕೂರುತ್ತವೆ. ಸೈಪ್ರಸ್‌ನ ಕೈರೀನಿಯಾ ಬಳಿ 1960ರ ದಶಕದ ಕೊನೆಗೆ ಅಗೆದ ಸಾಧಾರಣ ಗಾತ್ರದ ಹಡಗೊಂದರಲ್ಲಿ ಸುಮಾರು 400 ಆಂಫೊರಾ ಸಿಕ್ಕವು, ಹೆಚ್ಚಿನವು ರೋಡ್ಸ್‌ನವು. ರೋಡ್ಸ್ ಜಾಡಿ ಒಂದಕ್ಕೆ ಸುಮಾರು 25 ಲೀಟರ್ ಹಿಡಿಯುತ್ತದೆ. ತುಂಬಿದ ಜಾಡಿಯನ್ನು ಬಗ್ಗಿಸಿ ಸುರಿಯುವಾಗ ಒಂದು ಕೈ ಹಿಡಿಯ ಮೇಲೆ, ಇನ್ನೊಂದು ಕೈ ಆ ಮೊನೆಯ ಮೇಲೆ. ಅದು ಮೂರನೆಯ ಹಿಡಿ ಅಂತಲೇ ತಿಳಿಯಿರಿ. ಕ್ನಿಡೋಸ್ ಜಾಡಿಯ ಮೊನೆಗೆ ಉಂಗುರ ತೊಡಿಸಿದ ಹಾಗೆ ಒಂದು ಸುತ್ತು ಇರುತ್ತದೆ. ಹಿಡಿ ಇಲ್ಲದಿದ್ದರೂ ಆ ಉಂಗುರ ಒಂದಿದ್ದರೆ ಊರು ಹೇಳಬಹುದು.

ಮುದ್ರೆಗೆ ಬರೋಣ. ಅದು ರಾಜನ ಹೆಸರಲ್ಲ. ಕ್ನಿಡೋಸ್ ತನ್ನದೇ ಆಡಳಿತದ ನಗರ. ದ್ರಾಕ್ಷಾರಸದ ವ್ಯಾಪಾರಿಯ ಲೇಬಲ್ಲೂ ಅಲ್ಲ, ಯಾಕೆಂದರೆ ಮುದ್ರೆ ಒತ್ತಿದ್ದು ಹಸಿ ಮಣ್ಣಿನ ಮೇಲೆ, ಸುಡುವ ಮುಂಚೆ. ಜಾಡಿಗೆ ಯಾರ ತೋಟದ ರಸ ಹೋಗುತ್ತದೆ ಎಂದು ಆಗ ಕುಂಬಾರನಿಗೇ ಗೊತ್ತಿರಲಿಕ್ಕಿಲ್ಲ. ಸಾಮಾನ್ಯವಾಗಿ ಅದರಲ್ಲಿ ಇರುವುದು ಎರಡು ಹೆಸರು: ಆ ವರ್ಷ ಅಧಿಕಾರದಲ್ಲಿದ್ದವನದು, ಜಾಡಿ ಮಾಡಿಸಿದವನದು. ‘ಇಂಥವನ ವರ್ಷದಲ್ಲಿ’ ಎಂದು ಹೇಳುವುದೇ ಅವರ ಇಸವಿ. ತೆರಿಗೆ ಲೆಕ್ಕಕ್ಕೋ, ಅಳತೆಯ ಖಾತರಿಗೋ, ಕಾರ್ಖಾನೆಯ ಉತ್ಪಾದನೆ ಎಣಿಸಲಿಕ್ಕೋ ಎಂದು ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ. ನನ್ನ ಒಲವು ಲೆಕ್ಕದ ಕಡೆಗೆ. ಒಂದು ಅವಧಿಯ ಕ್ನಿಡೋಸ್ ಮುದ್ರೆಗಳಲ್ಲಿ ಕಾವಲುಪಡೆಯ ಅಧಿಕಾರಿಗಳ ಹೆಸರೇ ಬರುತ್ತದೆ. ರೋಡ್ಸ್‌ನ ಹಿಡಿತ ಈ ಕಡೆ ಬಲವಾಗಿದ್ದ ಕ್ರಿ.ಪೂ. 188ರಿಂದ 167ರ ನಡುವಿನವು ಅವು ಎಂದು ಹೆಚ್ಚಿನವರ ಮತ. ಜಾಡಿಯ ಹಿಡಿಯ ತನಕ ದಂಡಿನವನ ಹೆಸರು ಬಂದಿದೆ ಎಂದರೆ ಅದರ ಹಿಂದೆ ವಸೂಲಿ ಇಲ್ಲದಿರುತ್ತದೆಯೇ?

ನಿಮ್ಮ ಮಗ ತಂದ ತುಂಡಿನ ನಿಜವಾದ ಬೆಲೆ ಇರುವುದು ಇಲ್ಲಿ. ಮುದ್ರೆಯಲ್ಲಿ ಹೆಸರಿದೆ, ಇಸವಿ ಇಲ್ಲ. ಇಸವಿ ಗೊತ್ತಾಗುವುದು ಹಿಡಿ ಹೂತಿದ್ದ ಮಣ್ಣಿನ ಪದರದಿಂದ. ಕ್ರಿ.ಪೂ. 146ರಲ್ಲಿ ರೋಮನ್ನರು ಕೊರಿಂಥ್ ನಗರವನ್ನು ಹಾಳುಗೆಡವಿದರು, 86ರಲ್ಲಿ ರೋಮನ್ ಸೇನಾಪತಿ ಸುಲ್ಲಾ ಅಥೆನ್ಸ್‌ಗೆ ನುಗ್ಗಿದ. ಸುಲ್ಲಾನ ಲೂಟಿಯ ಬೂದಿಯ ಕೆಳಗೆ ಸಿಕ್ಕ ಹಿಡಿಯ ಮೇಲೆ ಯಾವ ಹೆಸರಿದೆಯೋ ಆ ಮನುಷ್ಯ 86ಕ್ಕೂ ಮುಂಚಿನವನು. ಹೀಗೆ ಒಂದೊಂದೇ ಹೆಸರನ್ನು ಸಾಲಿನಲ್ಲಿ ಕೂರಿಸುತ್ತ ಹೋಗಬೇಕು. ವರ್ಜೀನಿಯಾ ಗ್ರೇಸ್ ಎಂಬ ಅಮೆರಿಕದ ವಿದುಷಿ 1930ರ ದಶಕದಿಂದ ಅಥೆನ್ಸ್‌ನ ಅಗೋರಾದಲ್ಲಿ, ಅಂದರೆ ಹಳೆಯ ಪೇಟೆಚೌಕದಲ್ಲಿ, ಕೂತು ಜೀವಮಾನವೆಲ್ಲ ಮಾಡಿದ್ದು ಇದನ್ನೇ. ಕ್ರಿ.ಪೂ. 2ನೇ ಶತಮಾನದ ಅಥೆನ್ಸ್‌ನವರು ಕ್ನಿಡೋಸ್ ರಸವನ್ನು ಎಷ್ಟು ಕುಡಿಯುತ್ತಿದ್ದರೆಂದು ಗೊತ್ತಾದದ್ದೂ ಅಲ್ಲಿ ರಾಶಿ ಬಿದ್ದ ಹಿಡಿಗಳಿಂದ. ಕಾಲುಚೀಲದಲ್ಲಿ ಬಂದ ಹಿಡಿಗೆ ಹೆಸರು ಉಳಿದಿದೆ, ಮಣ್ಣು ಕಳೆದುಹೋಗಿದೆ.

ರೋಮನ್ನರ ಕಾಲಕ್ಕೆ ಕ್ನಿಡೋಸ್‌ನ ಕುಂಬಾರರು ಜಾಡಿಯ ಜೊತೆಗೆ ನಾಜೂಕು ಕೆಲಸಕ್ಕೂ ಕೈ ಹಾಕಿದ್ದರು. ತೆಳು ಬಟ್ಟಲು, ಅಚ್ಚಿನಲ್ಲಿ ಒತ್ತಿದ ಉಬ್ಬುಚಿತ್ರದ ರಸದ ಹೂಜಿ, ಅಚ್ಚಿನ ದೀಪ. ಹೂಜಿಗಳು ಕ್ರಿ.ಶ. 2-3ನೇ ಶತಮಾನದವು. ಎರಡು ಅರ್ಧ ಅಚ್ಚುಗಳಲ್ಲಿ ಮಣ್ಣು ಒತ್ತಿ ಜೋಡಿಸುತ್ತಿದ್ದರು, ಮಗ್ಗುಲಲ್ಲಿ ಬೆರಳಾಡಿಸಿದರೆ ಕಡುಬಿನ ಅಂಚಿನ ಹಾಗೆ ಜೋಡಣೆಯ ಗೆರೆ ಸಿಗುತ್ತದೆ. ದೀಪಗಳಲ್ಲಿ ರೊಮಾನೆಸಿಸ್ ಎಂಬವನ ಹೆಸರು ತಳದಲ್ಲಿ ಬರುತ್ತದೆ. ಕ್ರಿ.ಶ. 1ನೇ ಶತಮಾನದ ಕೊನೆಯ ಸುಮಾರಿನ ಅವನ ದೀಪಗಳು ಕಡಲಾಚೆಗೂ ಹೋಗಿವೆ. 7ನೇ ಶತಮಾನದ ಹೊತ್ತಿಗೆ ಊರು ಬರಿದಾಗುತ್ತ ಬಂತು.

(ಗೈಡ್ ಅಫ್ರೋಡೈಟಿ ವಿಗ್ರಹದ ಕತೆ ಹೇಳಿಯೇ ಇರುತ್ತಾರೆ. ಪ್ರಾಕ್ಸಿಟೆಲಿಸ್ ಕಡೆದ ಆ ವಿಗ್ರಹ ಕೊಟ್ಟರೆ ಊರಿನ ಸಾಲವನ್ನೆಲ್ಲ ತೀರಿಸುತ್ತೇನೆ ಎಂದು ನಿಕೊಮಿಡೀಸ್ ರಾಜ ಕೇಳಿದನಂತೆ, ಕೊಡಲಿಲ್ಲವಂತೆ. ಹೇಳಿದವನು ರೋಮನ್ ಲೇಖಕ ಪ್ಲಿನಿ. ಅಷ್ಟು ಸಾಲ ಇದ್ದ ಊರು ಹಿಡಿಗೊಂದು ಮುದ್ರೆ ಒತ್ತಿ ಲೆಕ್ಕ ಇಟ್ಟದ್ದರಲ್ಲಿ ಆಶ್ಚರ್ಯವಿಲ್ಲ ಎಂದು ನನಗೆ ಅನ್ನಿಸುವುದುಂಟು.)

ಈಗ ಚಂದ್ರವಳ್ಳಿ. ಅಲ್ಲಿ ಟಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿದ್ದು ನಿಜ. ‘ರೋಮನ್ ಮಡಕೆ’ ಎಂದು ನಿಮ್ಮ ಮಾವ ಕೇಳಿರುವುದು ಬಹುಶಃ ರೂಲೆಟೆಡ್ ವೇರ್ ಎನ್ನುವ ತಟ್ಟೆಗಳ ಬಗ್ಗೆ. ನುಣುಪು ಬೂದುಗಪ್ಪು ತಟ್ಟೆ, ಒಳತಳದಲ್ಲಿ ಸುತ್ತಲೂ ಸಣ್ಣ ಸಣ್ಣ ಗೀರಿನ ಉಂಗುರಗಳು. 1945ರಲ್ಲಿ ಅರಿಕಮೇಡನ್ನೂ 1947ರಲ್ಲಿ ಬ್ರಹ್ಮಗಿರಿ, ಚಂದ್ರವಳ್ಳಿಗಳನ್ನೂ ಅಗೆದ ಮಾರ್ಟಿಮರ್ ವ್ಹೀಲರ್ ಇದರ ಬೇರು ಮೆಡಿಟರೇನಿಯನ್ ಕಡೆಯದು ಎಂದರು. ನಮ್ಮ ಪಠ್ಯಪುಸ್ತಕಗಳಲ್ಲಿ ಆ ಮಾತು ಬಹುಕಾಲ ನಿಂತಿತು. ಆಮೇಲೆ ಮಣ್ಣನ್ನೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅದು ಭಾರತದ್ದೇ ಎಂದು ತಿಳಿಯಿತು. ಅಸಲಿ ಆಂಫೊರಾ ಚೂರುಗಳು ಪುದುಚೇರಿ ಬಳಿಯ ಅರಿಕಮೇಡಿನಲ್ಲಿವೆ, ಕೋಸ್ ಮಾದರಿಯವು ಹೆಚ್ಚು, ಕ್ನಿಡೋಸ್‌ನವೂ ಇವೆ. ಅಲ್ಲೂ ಒಂದು ಎಚ್ಚರಿಕೆ ಬೇಕು. ಭಾರತದಲ್ಲಿ ‘ರೋಮನ್’ ಎಂದು ಪಟ್ಟಿ ಮಾಡಿದ್ದ ಎಷ್ಟೋ ಚೂರುಗಳು ಇರಾಕ್ ಕಡೆಯ ಜಾಡಿಗಳೆಂದು ಈಚೆಗೆ ಗೊತ್ತಾಗಿದೆ. ಒಳಗೆ ಕಪ್ಪಗೆ ಡಾಂಬರು ಬಳಿದಿರುತ್ತದೆ, ಹಿಡಿಗಳೇ ಇರುವುದಿಲ್ಲ.

ಮಾವನವರ ಉಪಾಯ ಯಾಕೆ ಬೇಡ ಎನ್ನುವುದು ಈಗ ಗೊತ್ತಾಯಿತಲ್ಲ? ಉತ್ಖನನದಲ್ಲಿ ನಾವು ಚೂರು ತೊಳೆದು, ನೆಲದ ಮೇಲೆ ಚೌಕ ಎಳೆದು, ಯಾವ ಗುಂಡಿ ಯಾವ ಪದರ ಎಂದು ಬೇರೆಬೇರೆ ಗುಡ್ಡೆ ಹಾಕುತ್ತೇವೆ. ಪಾಟರಿ ಯಾರ್ಡ್ ಅನ್ನುತ್ತೇವೆ ಅದಕ್ಕೆ. ಒಮ್ಮೆ ನಮ್ಮ ಯಾರ್ಡಿನಲ್ಲಿ ರಾತ್ರಿ ನಾಯಿಗಳು ಓಡಾಡಿ ಎರಡು ಗುಡ್ಡೆ ಬೆರೆತುಹೋದವು. ಆ ಎರಡು ಪದರಗಳ ಚೂರುಗಳನ್ನು ಲೆಕ್ಕದಿಂದಲೇ ತೆಗೆದುಹಾಕಬೇಕಾಯಿತು. ಹತ್ತು ದಿನದ ಕೆಲಸ ಅದು. ಚಂದ್ರವಳ್ಳಿಯಲ್ಲಿ ಸಿಕ್ಕಿತು ಎಂದು ಕ್ನಿಡೋಸ್ ಹಿಡಿಯೊಂದು ಮ್ಯೂಸಿಯಮ್ಮಿನ ದಾಖಲೆಗೆ ಸೇರಿದರೆ ಚಿತ್ರದುರ್ಗದಲ್ಲಿ ಗ್ರೀಕ್ ದ್ರಾಕ್ಷಾರಸ ಕುಡಿಯುತ್ತಿದ್ದರು ಎಂದು ಯಾರೋ ಪಿಎಚ್‌ಡಿ ಬರೆದಾರು. ನಾಯಿಗಳಾದರೂ ಗೊತ್ತಿಲ್ಲದೆ ಮಾಡಿದವು. ಜೊತೆಗೆ ಸರ್ಕಾರಕ್ಕೆ ಸುಳ್ಳು ಹೇಳಿಕೆ ಕೊಟ್ಟ ತಪ್ಪೂ ನಿಮ್ಮ ತಲೆಗೆ ಬರುತ್ತದೆ.

ಕಾನೂನು ಏನು ಹೇಳುತ್ತದೆ? ಟರ್ಕಿಯಲ್ಲಿ 1983ರ 2863ನೇ ಸಂಖ್ಯೆಯ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಗುವ ಪ್ರಾಚೀನ ವಸ್ತು ಸರ್ಕಾರದ ಸೊತ್ತು. ಅದನ್ನು ದೇಶದಿಂದ ಹೊರಗೆ ಸಾಗಿಸಿದರೆ 5ರಿಂದ 12 ವರ್ಷ ಜೈಲಿನ ತನಕ ಶಿಕ್ಷೆ ಇದೆ. ಕಲ್ಲು, ಚೂರು ಎಂದು ಬ್ಯಾಗಿಗೆ ಹಾಕಿಕೊಂಡು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಪ್ರವಾಸಿಗರಿದ್ದಾರೆ. ನಿಮ್ಮ ಶೂ ಸ್ಕ್ಯಾನರ್ ದಾಟಿದ್ದು ಅದೃಷ್ಟ. ಇಂಥ ವಸ್ತುಗಳ ಅಕ್ರಮ ಸಾಗಾಟ ತಡೆಯುವ 1970ರ ಯುನೆಸ್ಕೊ ಒಪ್ಪಂದಕ್ಕೆ ಭಾರತ 1977ರಲ್ಲಿ, ಟರ್ಕಿ 1981ರಲ್ಲಿ ಸೇರಿವೆ. ಒಂದು ಮಗು ಹೆಕ್ಕಿದ ಬೋಕಿಗಾಗಿ ಮೈಸೂರಿನ ಮನೆಗೆ ಪೊಲೀಸರು ಬರುತ್ತಾರೆ ಎಂದು ನಾನು ಹೆದರಿಸುವುದಿಲ್ಲ. ನನ್ನ ಅನುಭವದಲ್ಲಿ ಹಾಗೆ ಆದದ್ದಿಲ್ಲ. ಆದರೆ ನಾನು ವಕೀಲನೂ ಅಲ್ಲ.

ನಿಮ್ಮ ಮುಂದಿರುವ ದಾರಿಗಳು ಇಷ್ಟು. ಸುಮ್ಮನೆ ಶೋಕೇಸಿನಲ್ಲಿ ಇಟ್ಟುಕೊಳ್ಳುವುದು: ಇಂದು ತೊಂದರೆ ಇಲ್ಲ, ಆದರೆ ನಾಳೆ ಯಾರೋ ಅದನ್ನು ಮಾರಲು ಹೊರಟರೆ, ಇಲ್ಲವೇ ವಿದೇಶಕ್ಕೆ ಒಯ್ದರೆ ಕಾಗದಪತ್ರವಿಲ್ಲದ ಪ್ರಾಚೀನ ವಸ್ತುವಿನ ಕತೆ ಅಲ್ಲಿಂದ ಶುರು. ಮಾರುವುದಂತೂ ಬೇಡವೇ ಬೇಡ. ಕಾವೇರಿಗೆ ಎಸೆಯುವುದು ಮಾವನವರ ಉಪಾಯದ್ದೇ ಇನ್ನೊಂದು ರೂಪ, ನೀರು ಇಳಿದಾಗ ಯಾರಿಗಾದರೂ ಸಿಗುತ್ತದೆ. ಮುಂದಿನ ಸಲ ಹೋದಾಗ ಅದೇ ಜಾಗದಲ್ಲಿ ಇಟ್ಟು ಬರುತ್ತೇನೆ ಎಂದು ಕೆಲವರು ಹೊರಡುತ್ತಾರೆ. ಒಳ್ಳೆಯ ಮನಸ್ಸು, ಆದರೆ ಅಪಾಯ ಅದರಲ್ಲೇ ಹೆಚ್ಚು. ಬ್ಯಾಗಿನಲ್ಲಿ ಸಿಕ್ಕಿದರೆ ಒಯ್ಯುತ್ತಿದ್ದೀರೋ ತರುತ್ತಿದ್ದೀರೋ ಎಂದು ಯಾರಿಗೆ ಹೇಗೆ ಗೊತ್ತಾಗಬೇಕು?

ನಾನಾದರೆ ದೆಹಲಿಯ ಟರ್ಕಿ ರಾಯಭಾರ ಕಚೇರಿಗೆ ಬರೆಯುತ್ತೇನೆ. ಅದಕ್ಕೆ ಮುಂಚೆ ಒಬ್ಬ ವಕೀಲರಿಗೆ ಪತ್ರ ತೋರಿಸುತ್ತೇನೆ, ಯಾಕೆಂದರೆ ಲಿಖಿತವಾಗಿ ಕೊಟ್ಟದ್ದು ಒಪ್ಪಿಗೆಯೂ ಆಗುತ್ತದೆ. ಪತ್ರದಲ್ಲಿ ಕ್ಷಮೆಯ ಪುರಾಣ ಬೇಡ: ಯಾವ ದಿನ, ಯಾವ ಜಾಗ, ಮಗು ತಿಳಿಯದೆ ತಂದದ್ದು, ಮರಳಿಸಲು ಸಿದ್ಧ, ಹೇಗೆ ಕಳಿಸಬೇಕು ತಿಳಿಸಿ, ಇಷ್ಟೇ. ಉತ್ತರ ಬರುವ ತನಕ ಕೊರಿಯರ್ ಮಾಡಬೇಡಿ. ಇಟಲಿಯ ಹಾಳೂರು ಪೊಂಪೇಯಿಗೆ ಹೀಗೆ ಕ್ಷಮಾಪಣೆ ಪತ್ರದೊಂದಿಗೆ ಕಲ್ಲು, ಚೂರು ಮರಳಿಸಿದವರು ಬಹಳ ಜನ, ನೀವೇನೂ ಮೊದಲಿಗರಲ್ಲ. ಉತ್ತರ ತಡವಾಗಬಹುದು, ಬರದೆಯೂ ಇರಬಹುದು. ಆಗ ಪತ್ರದ ಪ್ರತಿಯನ್ನು ಹಿಡಿಯ ಜೊತೆಗೇ ಇಟ್ಟುಕೊಳ್ಳಿ.

ದೀಪ: ಫೋಟೊದಲ್ಲಿ ಬತ್ತಿಯ ಮೂತಿ ನೋಡಿ. ಉರಿದ ದೀಪದ ಮೂತಿಯಲ್ಲಿ ಮಸಿ ಮಣ್ಣಿನೊಳಗೆ ಇಳಿದಿರುತ್ತದೆ, ಒರೆಸಿದರೆ ಹೋಗುವುದಿಲ್ಲ. ನಿಮ್ಮದರಲ್ಲಿ ಮಸಿಯೇ ಇಲ್ಲ. ಉಬ್ಬುಚಿತ್ರದ ಅಂಚುಗಳು ಕರಗಿದ ಸೋಪಿನ ಹಾಗಿವೆ, ಹಳೆಯ ದೀಪದಿಂದಲೇ ಅಚ್ಚು ತೆಗೆದು ಮತ್ತೆ ಒತ್ತಿದಾಗ ಹೀಗಾಗುತ್ತದೆ. ಹಳೆಯ ಕಾಲದಲ್ಲೂ ಹೀಗೆ ನಕಲು ಮಾಡುತ್ತಿದ್ದರು, ಆದ್ದರಿಂದ ಅದೊಂದರಿಂದಲೇ ತೀರ್ಮಾನ ಹೇಳಲಾಗದು. ಆದರೆ ಸಂದಿಗಳಲ್ಲಿ ಮಾತ್ರ ಒಂದೇ ಸಮನೆ ಮೆತ್ತಿದ ಕಂದು ಮಣ್ಣು ಕಾಣುತ್ತಿದೆಯಲ್ಲ, ಒದ್ದೆ ಹತ್ತಿಯಿಂದ ಒರೆಸಿ ನೋಡಿ. ಸಲೀಸಾಗಿ ಬಂದರೆ ಅದು ಅಂಗಡಿಯವನು ಹಚ್ಚಿದ್ದು. ನನ್ನ ಅಂದಾಜು ನಕಲಿ ಎಂದೇ. ಹಾಗಾದರೆ ನಿಮ್ಮವರು ಬೇಜಾರು ಮಾಡಿಕೊಳ್ಳುವುದಲ್ಲ, ಹಬ್ಬ ಮಾಡಬೇಕು. ಅಸಲಿಯಾಗಿದ್ದರೆ ಆ ಸರ್ಟಿಫಿಕೇಟೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತಿತ್ತು.

ಮಗನನ್ನು ಬೈಯಬೇಡಿ. ಅವನ ವಯಸ್ಸಿನಲ್ಲಿ ನಾನು ಹೆಕ್ಕುತ್ತಿದ್ದ ಬೋಕಿಯೆಲ್ಲ ಕುಂಟೆಬಿಲ್ಲೆಗೆ ಹೋಗುತ್ತಿತ್ತು. ಅವನನ್ನು ಕೂರಿಸಿಕೊಂಡು ಒಂದು ಹಾಳೆ ಕೊಡಿ. ದೋಣಿ ನಿಂತ ಜಾಗ, ಹತ್ತಿದ ಮೆಟ್ಟಿಲು, ಕಂಬಗಳು, ಹಿಡಿ ಬಿದ್ದಿದ್ದ ಕಡೆ, ಅದರ ಪಕ್ಕ ಇನ್ನೇನಿತ್ತು, ಎಲ್ಲ ಬರೆಯಲಿ. ಅವತ್ತು ತೆಗೆದ ಫೋಟೊಗಳ ಸಮಯ ನೋಡಿದರೆ ಜಾಗ ಇನ್ನೂ ಕರಾರುವಾಕ್ಕಾಗಿ ಸಿಗುತ್ತದೆ. ಮರೆಯುವ ಮುಂಚೆ ಬರೆಸಿ, ಆ ಹಾಳೆಯನ್ನು ರಾಯಭಾರ ಕಚೇರಿಯ ಪತ್ರದ ಜೊತೆ ಲಗತ್ತಿಸಿ.